ಫೈಲ್ ಇದೆ, ಖಾತೆ ಆಗಿಲ್ಲ

ಗೊಬ್ಬರದಂಗಡಿಯ ಬಿಲ್ಲು, ಅಡಿಕೆ ಮಂಡಿಯ ಲೆಕ್ಕ, ಲಾರಿ ತೂಕ ಹಾಕುವ ವೇ ಬ್ರಿಡ್ಜು, ಹಾಲಿನ ಡೈರಿ. ನಮ್ಮ ಕಡೆ ಇಂಥ ಜಾಗಗಳಲ್ಲಿ ಹತ್ತು ಹದಿನೈದು ವರ್ಷದ ಹಿಂದೆ ಹಾಕಿಸಿದ ಸಾಫ್ಟ್‌ವೇರ್‌ಗಳೇ ಇವತ್ತಿಗೂ ಓಡುತ್ತಿವೆ. ಹಳೇ ಕಂಪ್ಯೂಟರ್ ಕೆಟ್ಟು ಹೊಸದು ತಂದ ದಿನ ಇವುಗಳಲ್ಲಿ ಅನೇಕವು ಒಂದೇ ಥರದ ತಕರಾರು ತೆಗೆಯುತ್ತವೆ. ಸಿಡಿ ಹಾಕಿ ಇನ್‌ಸ್ಟಾಲ್ ಮಾಡಿದರೆ ‘ಯಶಸ್ವಿಯಾಗಿ ಮುಗಿಯಿತು’ ಅಂತ ಬರುತ್ತದೆ. ಡೆಸ್ಕ್‌ಟಾಪ್ ಮೇಲೆ ಚಿತ್ರವೂ ಬರುತ್ತದೆ. ಎರಡು ಸಲ ಒತ್ತಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುವುದಿಲ್ಲ, ಇಂಗ್ಲಿಷಿನಲ್ಲಿ ಒಂದು ಡಬ್ಬಿ ಎದ್ದು ನಿಲ್ಲುತ್ತದೆ.

ಆ ಡಬ್ಬಿಯ ಮಾತನ್ನು ಕನ್ನಡದಲ್ಲಿ ಹೇಳಿದರೆ ಇಷ್ಟು: ಇಂಥ ಹೆಸರಿನ ಕಾಂಪೊನೆಂಟ್, ಇಲ್ಲವೇ ಅದಕ್ಕೆ ಬೇಕಾದ ಇನ್ಯಾವುದೋ ಫೈಲ್, ಸರಿಯಾಗಿ ರಿಜಿಸ್ಟರ್ ಆಗಿಲ್ಲ. ಕೆಳಗೆ ಓಕೆ ಅಂತ ಒಂದೇ ಬಟನ್. ಒತ್ತಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ. ಕೂತವರಿಗೆ ಓಕೆ ಅನ್ನದೆ ಬೇರೆ ದಾರಿ ಇಲ್ಲ.

ಇದು ಕಂಪ್ಯೂಟರ್ ರಿಪೇರಿಯವರ ತಲೆನೋವು, ಪತ್ರಿಕೆಯವರಿಗೇನು ಕೆಲಸ ಅಂತ ನೀವು ಕೇಳಬಹುದು. ಇದೇ ಡಬ್ಬಿಯಿಂದ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಡೈರಿ ಕಾರ್ಯದರ್ಶಿಯೊಬ್ಬರ ತಲೆಗೆ ಹಾಲು ಕದ್ದ ಮಾತು ಬಂತು. ನಮಗೆ ಫೋನ್ ಬಂದದ್ದೂ ಆ ಸುದ್ದಿ ಬರೆಯಿರಿ ಅಂತಲೇ.

‘ಸಾರ್, ನಮ್ಮೂರ ಮಹಿಳಾ ಡೈರೀಲಿ ಗೋಲ್‌ಮಾಲ್ ನಡೀತಾ ಐತೆ. ಹತ್ತೊಂಬತ್ತು ದಿನದಿಂದ ಯಾರ್ಗೂ ಚೀಟಿ ಕೊಟ್ಟಿಲ್ಲ. ಬಟವಾಡೆನೂ ಇಲ್ಲ. ಒಂದು ಸುದ್ದಿ ಹಾಕಿ, ತಾನಾಗೇ ಬಾಯಿ ಬಿಡ್ತಾರೆ.’

ಹಾಲು ಹಾಕುವವರಿಗೆ ಚೀಟಿ ಅಂದರೆ ಏನು ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ರೇಟ್ ಎಷ್ಟು ಎಲ್ಲ ಅದರಲ್ಲಿ ಇರುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋಗಿ ಗೋಡೆಯ ಮೊಳೆಗೆ ಚುಚ್ಚಿಡುವವರು ಇದ್ದಾರೆ. ಅದು ಇಲ್ಲದಿದ್ದರೆ ಕಾರ್ಯದರ್ಶಿ ಪುಸ್ತಕದಲ್ಲಿ ಏನು ಬರೆದುಕೊಂಡರೋ ಅದೇ ಲೆಕ್ಕ. ನಾಲ್ಕು ಪಾಯಿಂಟ್ ಒಂದು ಫ್ಯಾಟ್ ಬಂದದ್ದನ್ನು ಮೂರು ಪಾಯಿಂಟ್ ಆರು ಅಂತ ಬರೆದರೂ ಕೇಳುವವರಿಲ್ಲ ಅನ್ನುವ ಅನುಮಾನಕ್ಕೆ ಎರಡು ದಿನ ಸಾಕು. ಅಲ್ಲಿ ಹತ್ತೊಂಬತ್ತು ದಿನ ಆಗಿತ್ತು.

ನಾವು ಹೋದಾಗ ಸಂಜೆಯ ಹಾಲು ಶುರುವಾಗಿತ್ತು. ಕಾರ್ಯದರ್ಶಿ ಅಕ್ಕ ಎದುರಿಗೆ ರೇಟ್ ಚಾರ್ಟ್ ಹರಡಿಕೊಂಡು, ಬೆರಳಿಟ್ಟು ನೋಡಿ, ಉದ್ದನೆಯ ಪುಸ್ತಕದಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಪಕ್ಕದಲ್ಲಿ ಹೊಸ ಕಂಪ್ಯೂಟರ್ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದೆ ಸುಮ್ಮನೆ ಉರಿಯುತ್ತಿತ್ತು.

‘ಬನ್ನಿ ಸಾರ್, ನೀವೂ ನೋಡ್ಬುಡಿ. ಎಲ್ರೂ ನೋಡ್ಕೊಂಡ್ ಹೋಗವ್ರೆ’ ಅಂದರು. ಮುಖ ಎತ್ತಲಿಲ್ಲ.

ಆದದ್ದು ಇಷ್ಟು. ಹಳೇ ಕಂಪ್ಯೂಟರಿನದು ವಿಂಡೋಸ್ 7. ಒಂದು ರಾತ್ರಿ ಕರೆಂಟು ಏರಿಳಿದು ಬೋರ್ಡ್ ಸುಟ್ಟುಹೋಗಿದೆ. ಸಂಘದ ಹಣದಲ್ಲಿ ಹೊಸದು ತಂದರು, ವಿಂಡೋಸ್ 11. ಸಾಫ್ಟ್‌ವೇರ್ ಮಾರಿದವರ ಫೋನ್ ಎರಡು ವರ್ಷದಿಂದ ಸ್ವಿಚ್ ಆಫ್. ಬೀರುವಿನಲ್ಲಿ ಅವರು ಕೊಟ್ಟಿದ್ದ ಸಿಡಿ ಮಾತ್ರ ಇತ್ತು. ಅದನ್ನು ಹಾಕಿದರೆ ಮೇಲೆ ಹೇಳಿದ ಡಬ್ಬಿ. ಇನ್ನೊಂದು ಕಂಪನಿಯವರು ಬಂದು ನೋಡಿ, ‘ಈ ಹಳೇ ಸಾಫ್ಟ್‌ವೇರ್ ಹೊಸ ವಿಂಡೋಸ್‌ನಲ್ಲಿ ಓಡೋದೇ ಇಲ್ಲ ಮೇಡಂ, ನಮ್ಮದು ತಗೊಳ್ಳಿ’ ಅಂತ ಮೂವತ್ತೈದು ಸಾವಿರದ ಕೊಟೇಷನ್ ಬರೆದುಕೊಟ್ಟು ಹೋಗಿದ್ದರು. ವರ್ಷ ವರ್ಷ ನಿರ್ವಹಣೆಗೆ ಬೇರೆ.

ಆ ಮಾತು ಸುಳ್ಳು. ಎಲ್ಲ ಹಳೇ ಸಾಫ್ಟ್‌ವೇರ್ ಓಡುತ್ತದೆ ಅಂತ ನಾವೂ ಹೇಳುವುದಿಲ್ಲ, ಆದರೆ ಇದು ಓಡುವ ಜಾತಿಯದು. ಡಿಪ್ಲೊಮಾ ಮುಗಿಸಿ ಪತ್ರಿಕೆ ಕೆಲಸ ಸಿಗುವ ಮುಂಚೆ ನಾವು ಮೂರು ವರ್ಷ ಸೈಬರ್ ಅಂಗಡಿಯಲ್ಲಿ ಕೂತಿದ್ದೆವು. ಇನ್‌ಸ್ಟಾಲ್ ಮಾಡಿ ಮಾಡಿ ಇಂಥ ಡಬ್ಬಿಗಳು ನಮಗೆ ಪಕ್ಕದ ಮನೆಯವರಷ್ಟು ಪರಿಚಯ. ಡಬ್ಬಿಯಲ್ಲಿದ್ದ ಹೆಸರು ಎಂಎಸ್‌ಕಾಮ್‌ಸಿಟಿಎಲ್ ಡಾಟ್ ಓಸಿಎಕ್ಸ್. ಅದು ಕಂಡರೆ ಸಾಫ್ಟ್‌ವೇರ್ ಬರೆದದ್ದು ವಿಶುವಲ್ ಬೇಸಿಕ್ 6ರಲ್ಲಿ ಅಂತ ಬಹುಮಟ್ಟಿಗೆ ಹೇಳಬಹುದು. ಮೈಕ್ರೋಸಾಫ್ಟ್ ಅದನ್ನು ತಂದದ್ದು 1998ರಲ್ಲಿ. ಕಲಿಯಲು ಸುಲಭ, ಬೇಗ ಕೆಲಸ ಆಗುತ್ತಿತ್ತು. ಸಣ್ಣ ಊರುಗಳ ಬಿಲ್ಲಿಂಗ್, ತೂಕ, ಲೆಕ್ಕದ ಸಾಫ್ಟ್‌ವೇರ್ ಬರೆದವರು ಬಹಳ ಮಂದಿ ಅದನ್ನೇ ಹಿಡಿದರು. ಬರೆಯುವ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಅದರಲ್ಲಿ ಬರೆದದ್ದನ್ನು ಓಡಿಸುವ ಮುಖ್ಯ ಫೈಲ್ ವಿಂಡೋಸ್ 11ರ ಜೊತೆಗೂ ಬರುತ್ತದೆ. ಬಾರದೆ ಇರುವುದು ಜೊತೆಗಾರ ಫೈಲ್‌ಗಳು. ಪರದೆಯ ಮೇಲಿನ ಪಟ್ಟಿ, ಬಟನ್ ಸಾಲು ಇಂಥದ್ದನ್ನೆಲ್ಲ ತೋರಿಸುವುದಕ್ಕೆ ಸಾಫ್ಟ್‌ವೇರ್ ಆ ಫೈಲ್‌ಗಳನ್ನು ಕರೆಯುತ್ತದೆ. ಅವನ್ನು ತರಬೇಕಾದದ್ದು, ತಂದು ನೋಂದಣಿ ಮಾಡಬೇಕಾದದ್ದು ಸಾಫ್ಟ್‌ವೇರ್ ಮಾರಿದವರ ಇನ್‌ಸ್ಟಾಲ್ ಕಿಟ್‌ನ ಕೆಲಸ.

ಈ ನೋಂದಣಿ ಅನ್ನುವ ಪದದಲ್ಲೇ ಎಲ್ಲ ಇದೆ.

ನೀವು ಒಂದು ಎಕರೆ ಜಮೀನು ತಗೊಂಡಿರಿ ಅಂದುಕೊಳ್ಳಿ. ಹಣ ಕೊಟ್ಟಾಯಿತು, ಕ್ರಯಪತ್ರವೂ ಆಯಿತು, ಬೇಲಿ ಹಾಕಿ ರಾಗಿಯನ್ನೂ ಬಿತ್ತಿದಿರಿ. ಆದರೆ ಖಾತೆ ಮಾಡಿಸಲಿಲ್ಲ. ಬೆಳೆ ಸಾಲಕ್ಕೆ ಸೊಸೈಟಿಗೆ ಹೋದರೆ ಅವರು ನಿಮ್ಮ ಹೊಲಕ್ಕೆ ಬಂದು ನೋಡುವುದಿಲ್ಲ, ಪಹಣಿ ತೆಗೆಯುತ್ತಾರೆ. ಕಾಲಂ 9ರಲ್ಲಿ ನಿಮ್ಮ ಹೆಸರಿಲ್ಲ. ಜಮೀನು ಕಣ್ಣೆದುರಿಗೆ ಇದೆ, ದಾಖಲೆಯಲ್ಲಿ ನೀವಿಲ್ಲ.

ವಿಂಡೋಸ್ ಕೂಡ ಹೀಗೇ. ಅದರೊಳಗೆ ರಿಜಿಸ್ಟ್ರಿ ಅನ್ನುವ ದೊಡ್ಡ ದಾಖಲೆ ಪುಸ್ತಕ ಇದೆ. 1992ರ ವಿಂಡೋಸ್ 3.1ರಲ್ಲಿ ಅದು ಮೊದಲು ಬಂದಾಗ ಮುಖ್ಯವಾಗಿ ಇಟ್ಟುಕೊಂಡಿದ್ದೇ ಇಂಥ ಕಾಂಪೊನೆಂಟ್‌ಗಳ ಲೆಕ್ಕ. ಆಮೇಲಾಮೇಲೆ ಊರ ಲೆಕ್ಕವೆಲ್ಲ ಅದರಲ್ಲೇ ಸೇರಿತು. ಪ್ರತಿ ಕಾಂಪೊನೆಂಟಿಗೂ ಸರ್ವೆ ನಂಬರ್ ಥರ ಒಂದು ನಂಬರ್ ಇದೆ, ಮೂವತ್ತೆರಡು ಅಂಕೆ ಅಕ್ಷರಗಳ ಉದ್ದನೆಯ ಸಾಲು. ಪ್ರಪಂಚದಲ್ಲಿ ಇನ್ನೊಂದಕ್ಕೆ ಅದೇ ನಂಬರ್ ಬಾರದಂತೆ ಅಷ್ಟು ಉದ್ದ ಮಾಡಿದ್ದಾರೆ. ರಿಜಿಸ್ಟ್ರಿಯಲ್ಲಿ ಆ ನಂಬರಿನ ಮುಂದೆ ‘ಈ ಫೈಲ್ ಇಂಥ ಡ್ರೈವಿನ ಇಂಥ ಫೋಲ್ಡರಿನಲ್ಲಿದೆ’ ಅಂತ ವಿಳಾಸ ಬರೆದಿರುತ್ತದೆ. ಡೈರಿ ಸಾಫ್ಟ್‌ವೇರ್ ಎದ್ದ ಕೂಡಲೇ ತನಗೆ ಬೇಕಾದ ನಂಬರ್ ಹಿಡಿದು ರಿಜಿಸ್ಟ್ರಿಯನ್ನು ಕೇಳುತ್ತದೆ. ಅಲ್ಲಿ ನಮೂದು ಇದ್ದರೆ ವಿಳಾಸಕ್ಕೆ ಹೋಗಿ ಫೈಲ್ ಕರೆತರುತ್ತದೆ. ನಮೂದು ಇಲ್ಲದಿದ್ದರೆ ಫೈಲ್ ಪಕ್ಕದ ಫೋಲ್ಡರಿನಲ್ಲೇ ಕೂತಿದ್ದರೂ ಕಾಣುವುದಿಲ್ಲ.

ಫೈಲನ್ನು ಕಾಪಿ ಮಾಡಿ ಇಟ್ಟರೆ ಸಾಲದು ಅನ್ನುವುದು ಇದಕ್ಕೇ. ನೋಂದಣಿ ಆದ ಮೇಲೆ ಫೈಲನ್ನು ಬೇರೆ ಕಡೆ ಸರಿಸಿದರೂ ಇದೇ ಕಥೆ. ದಾಖಲೆ ಹಳೇ ವಿಳಾಸವನ್ನೇ ಹೇಳುತ್ತಿರುತ್ತದೆ.

ಡೈರಿಯ ಜಗುಲಿಯಲ್ಲಿ ಇದನ್ನೇ ಹೇಳುತ್ತಿದ್ದಾಗ, ಕ್ಯಾನ್ ಪಕ್ಕ ಕೂತಿದ್ದ ಒಬ್ಬ ಅಜ್ಜಿ ಕೇಳಿದರು, ‘ಅಂಗಾರೆ ಫೈಲ್ ತಂದ್ ಮಡಗವ್ರೆ, ಖಾತೆ ಮಾಡ್ಸಿಲ್ಲ ಅನ್ನು ಮಗಾ.’

‘ಹೂಂ ಅಜ್ಜಿ.’

‘ಎಷ್ಟ್ ಕೊಡ್ಬೇಕಂತೆ ಅದ್ಕೆ?’

ಜಗುಲಿಯಲ್ಲಿ ಇದ್ದವರೆಲ್ಲ ನಕ್ಕರು. ಕಾರ್ಯದರ್ಶಿ ಅಕ್ಕನೂ ನಕ್ಕರು, ಆ ಸಂಜೆ ಮೊದಲ ಸಲ. ಇಲ್ಲಿ ಯಾರಿಗೂ ಏನೂ ಕೊಡುವುದಿಲ್ಲ, ಸರ್ವೆಯವರು ಬರುವುದಿಲ್ಲ, ಒಂದು ಸಾಲು ಟೈಪ್ ಮಾಡಿದರೆ ಆಯಿತು ಅಂದರೆ ಅಜ್ಜಿ ನಂಬಲಿಲ್ಲ.

ಆ ಒಂದು ಸಾಲು ವಿಂಡೋಸ್ ಜೊತೆಯಲ್ಲೇ ಬರುವ ಒಂದು ಸಣ್ಣ ಪ್ರೋಗ್ರಾಮಿನ ಹೆಸರಿನಿಂದ ಶುರುವಾಗುತ್ತದೆ. ಹೆಸರು ರೆಗ್‌ಎಸ್‌ವಿಆರ್32. ಇಂಗ್ಲಿಷಿನ ಆರ್, ಇ, ಜಿ, ಎಸ್, ವಿ, ಆರ್ ಅಕ್ಷರಗಳು, ಹಿಂದೆಯೇ 32. ಆಮೇಲೆ ಒಂದು ಜಾಗ ಬಿಟ್ಟು ಫೈಲಿನ ಪೂರ್ತಿ ವಿಳಾಸ. ಈ ರೆಗ್‌ಎಸ್‌ವಿಆರ್ ತಾನಾಗಿ ಏನನ್ನೂ ಬರೆಯುವುದಿಲ್ಲ, ಅದು ಬರೀ ಅರ್ಜಿ ತಗೊಳ್ಳುವ ಗುಮಾಸ್ತ. ಫೈಲನ್ನು ಎಬ್ಬಿಸಿ ‘ನಿನ್ನ ವಿವರ ನೀನೇ ಬರೆಸು’ ಅನ್ನುತ್ತದೆ. ಫೈಲಿನೊಳಗೆ ಅದಕ್ಕೆಂದೇ ಬರೆದ ಒಂದು ಭಾಗ ಎದ್ದು ತನ್ನ ನಂಬರನ್ನೂ ವಿಳಾಸವನ್ನೂ ರಿಜಿಸ್ಟ್ರಿಯಲ್ಲಿ ಬರೆಸುತ್ತದೆ. ಹಾಗಾಗಿ ಎಲ್ಲ ಫೈಲಿಗೂ ಇದು ನಡೆಯುವುದಿಲ್ಲ. ಆ ಭಾಗ ಇಲ್ಲದ ಫೈಲಿಗೆ ‘ಎಂಟ್ರಿ ಪಾಯಿಂಟ್ ಸಿಗಲಿಲ್ಲ’ ಅನ್ನುತ್ತದೆ. ಗಾಬರಿ ಬೇಡ, ಅದು ಸಾಮಾನ್ಯವಾಗಿ ನೋಂದಣಿ ಬೇಕಿಲ್ಲದ ಫೈಲ್ ಅಂತ ಅರ್ಥ. ಡಿಎಲ್‌ಎಲ್ ಫೈಲ್‌ಗಳಲ್ಲಿ ಬಹುಪಾಲು ಹೀಗೇ. ಕಂಡ ಕಂಡ ಡಿಎಲ್‌ಎಲ್‌ಗೆಲ್ಲ ರಿಜಿಸ್ಟರ್ ಮಾಡಲು ಕೂತವರನ್ನು ನಾವು ನೋಡಿದ್ದೇವೆ. ಊಟದ ಹೊತ್ತೂ ಮೀರಿರುತ್ತದೆ, ಕೆಲಸವೂ ಆಗಿರುವುದಿಲ್ಲ.

ಇಷ್ಟು ಸುಲಭ ಇದ್ದರೆ ಹತ್ತೊಂಬತ್ತು ದಿನ ಯಾಕೆ ಬೇಕಾಯಿತು? ನಮಗಿಂತ ಮುಂಚೆ ಪಕ್ಕದ ಊರಿನ ಕಂಪ್ಯೂಟರ್ ಹುಡುಗನೊಬ್ಬ ಬಂದಿದ್ದ. ಚುರುಕಿನವನೇ. ಸುಟ್ಟ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಚೆನ್ನಾಗಿದೆ ಅಂತ ಕಂಡುಕೊಂಡು, ಅದರ ಸಿಸ್ಟಮ್32 ಫೋಲ್ಡರಿನಿಂದ ಆ ಓಸಿಎಕ್ಸ್ ಫೈಲನ್ನು ತೆಗೆದು, ಹೊಸ ಕಂಪ್ಯೂಟರಿನ ಸಿಸ್ಟಮ್32 ಫೋಲ್ಡರಿಗೇ ಹಾಕಿದ್ದ. ಅಲ್ಲಿದ್ದದ್ದು ಇಲ್ಲಿಗೆ, ಅದೇ ಹೆಸರಿನ ಫೋಲ್ಡರಿಗೆ. ಯಾರಾದರೂ ಹಾಗೇ ಮಾಡುತ್ತಾರೆ. ಆದರೂ ನೋಂದಣಿ ಆಗಲಿಲ್ಲ. ಫೈಲ್ ಎಕ್ಸ್86ರದೋ ಎಕ್ಸ್64ರದೋ ನೋಡಿ ಅಂತ ಇನ್ನೊಂದು ಡಬ್ಬಿ ಬಂತು. ಅವನು ಕೈಬಿಟ್ಟ.

ಇದರ ಹಿಂದೆ ಮೈಕ್ರೋಸಾಫ್ಟಿನವರ ಒಂದು ವಿಚಿತ್ರ ನಾಮಕರಣ ಇದೆ. ಕಂಪ್ಯೂಟರ್‌ಗಳು 32 ಬಿಟ್‌ನಿಂದ 64 ಬಿಟ್‌ಗೆ ಬೆಳೆದವು. ವಿಂಡೋಸ್ 11ರಲ್ಲಂತೂ 32 ಬಿಟ್‌ನ ಆವೃತ್ತಿಯೇ ಇಲ್ಲ, ಎಲ್ಲ 64. ಹಳೇ 32 ಬಿಟ್ ಸಾಫ್ಟ್‌ವೇರ್‌ಗಳಿಗೆ ಅದರೊಳಗೆ ಬೇರೆ ಕೋಣೆ ಮಾಡಿಕೊಟ್ಟಿದ್ದಾರೆ. ಹಾಗಾದರೆ 64 ಬಿಟ್‌ನ ಫೈಲ್‌ಗಳು ಯಾವ ಫೋಲ್ಡರಿನಲ್ಲಿ? ಸಿಸ್ಟಮ್32ರಲ್ಲಿ. 32 ಬಿಟ್‌ನ ಫೈಲ್‌ಗಳು? ಸಿಸ್‌ವಾವ್64 ಅನ್ನುವ ಫೋಲ್ಡರಿನಲ್ಲಿ. ಹೌದು, ಸರಿಯಾಗೇ ಓದಿದಿರಿ, ಹೆಸರು ಉಲ್ಟಾ ಇವೆ. ಸಿಸ್ಟಮ್32 ಅನ್ನುವ ಹೆಸರನ್ನು ಅಷ್ಟು ಜನ ತಮ್ಮ ಪ್ರೋಗ್ರಾಮಿನಲ್ಲಿ ಬರೆದುಬಿಟ್ಟಿದ್ದರು. ಬದಲಾಯಿಸಿದರೆ ಅವೆಲ್ಲ ಕೆಡುತ್ತಿದ್ದವು, ಅದಕ್ಕೆ ಹಳೇ ಬೋರ್ಡನ್ನೇ ಉಳಿಸಿಕೊಂಡು ಒಳಗಿನವರನ್ನು ಬದಲಾಯಿಸಿದರು. 32 ಬಿಟ್ ಸಾಫ್ಟ್‌ವೇರ್ ‘ಸಿಸ್ಟಮ್32ಕ್ಕೆ ಹೋಗಬೇಕು’ ಅಂದರೆ ವಿಂಡೋಸ್ ಬಾಗಿಲಲ್ಲೇ ತಡೆದು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ಕಳಿಸುತ್ತದೆ. ಆ ಹುಡುಗ ಇಟ್ಟ ಫೈಲ್ ಒಂದು ಮನೆಯಲ್ಲಿ, ಹುಡುಕುವವರು ಹೋಗುವುದು ಇನ್ನೊಂದು ಮನೆಗೆ.

ನಾವು ಹಳೇ ಡಿಸ್ಕಿನಿಂದ ಫೈಲನ್ನು ಮತ್ತೆ ತೆಗೆದು ಸಿಸ್‌ವಾವ್64ಕ್ಕೆ ಹಾಕಿದೆವು. ಸ್ಟಾರ್ಟ್‌ನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ, ಬಂದದ್ದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿದೆವು. ಇದನ್ನು ಬಿಟ್ಟರೆ ಕೆಲಸ ಕೆಡುತ್ತದೆ. ವಿಸ್ಟಾ ಬಂದ 2007ರಿಂದ ಈಚೆಗೆ, ಕಂಪ್ಯೂಟರಿನ ಮಾಲೀಕರೇ ಕೂತಿದ್ದರೂ ವಿಂಡೋಸ್ ಅವರಿಗೆ ಪೂರ್ತಿ ಅಧಿಕಾರ ಕೊಡುವುದಿಲ್ಲ, ಒಂದೊಂದು ಸಲ ಕೇಳಿ ಪಡೆಯಬೇಕು. ದಾಖಲೆ ತಿದ್ದುವುದಕ್ಕೆ ತಹಸೀಲ್ದಾರರ ಸಹಿ ಬೇಕಲ್ಲ, ಹಾಗೆ. 80070005 ಅಂತ ಕೊನೆಯಾಗುವ ನಂಬರ್ ಬಂದರೆ ಅನುಮತಿ ಇಲ್ಲ ಅಂತಲೇ ಅರ್ಥ. ಫೈಲನ್ನು ಬೈಯಬೇಡಿ, ಅಡ್ಮಿನಿಸ್ಟ್ರೇಟರ್ ಆಗಿ ಬನ್ನಿ.

ಆಮೇಲೆ ಸಿಸ್‌ವಾವ್64ರೊಳಗೇ ಇರುವ ರೆಗ್‌ಎಸ್‌ವಿಆರ್32ರ ಪೂರ್ತಿ ವಿಳಾಸ, ಜಾಗ, ಓಸಿಎಕ್ಸ್‌ನ ಪೂರ್ತಿ ವಿಳಾಸ, ಎಂಟರ್. ‘ಸಕ್ಸೀಡೆಡ್’ ಅಂತ ಬಂತು.

ಕಾರ್ಯದರ್ಶಿ ಅಕ್ಕ ಪುಸ್ತಕ ಬಿಟ್ಟು ಬಂದು ನಿಂತರು. ಸಾಫ್ಟ್‌ವೇರ್ ಒತ್ತಿದರೆ ಮತ್ತೆ ಡಬ್ಬಿ. ಅವರ ಮುಖ ಇಳಿದುಹೋಯಿತು. ‘ಅಕ್ಕಾ, ಹೆಸರು ನೋಡಿ’ ಅಂದೆವು. ಈ ಸಲ ಬೇರೆ ಫೈಲ್. ಇವು ಒಟ್ಟಿಗೆ ಬರುವುದಿಲ್ಲ, ಒಂದು ಮುಗಿದರೆ ಇನ್ನೊಂದು. ಎರಡನೆಯದು ಪರದೆಯ ಮೇಲೆ ಕೋಷ್ಟಕ ತೋರಿಸುವ ಎಂಎಸ್‌ಫ್ಲೆಕ್ಸ್‌ಜಿಆರ್‌ಡಿ. ಅದನ್ನೂ ಹಾಗೇ ಮಾಡಿದೆವು. ಮೂರನೆಯದು ಎಂಎಸ್‌ಕಾಮ್32. ಇದು ಬಂದಾಗ ನಮಗೆ ಖುಷಿಯೇ ಆಯಿತು. ಯಾಕೆಂದರೆ ಹಾಲಿನ ತಕ್ಕಡಿ, ಫ್ಯಾಟ್ ಮಿಷಿನ್ ಇಂಥವು ಹಳೇ ಸೀರಿಯಲ್ ತಂತಿಯಲ್ಲಿ ಕಂಪ್ಯೂಟರಿಗೆ ಲೆಕ್ಕ ಕಳಿಸುತ್ತವಲ್ಲ, ಆ ಮಾತನ್ನು ಕೇಳಿಸಿಕೊಳ್ಳುವ ಫೈಲ್ ಇದೇ. ಇದು ಎದ್ದರೆ ಫ್ಯಾಟನ್ನು ಕೈಯಲ್ಲಿ ಬರೆಯಬೇಕಿಲ್ಲ, ಮಿಷಿನ್ ಹೇಳಿದ್ದೇ ಚೀಟಿಗೆ ಬರುತ್ತದೆ.

ಮೂರನೆಯದನ್ನು ಅಕ್ಕನ ಕೈಯಲ್ಲೇ ಟೈಪ್ ಮಾಡಿಸಿದೆವು. ಪಿಯುಸಿ ಓದಿದವರು, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಒಂದು ಕಡೆ ಜಾಗ ಬಿಡುವುದು ಮರೆತು ಎರರ್ ಬಂತು, ಅವರೇ ನೋಡಿ ಸರಿಮಾಡಿದರು. ಸಾಫ್ಟ್‌ವೇರ್ ಎದ್ದಿತು. ಹಳೇ ಡಿಸ್ಕಿನಿಂದ ಲೆಕ್ಕದ ಫೈಲನ್ನೂ ತಂದು ಹಾಕಿದ ಮೇಲೆ ಸದಸ್ಯರ ಹೆಸರುಗಳೆಲ್ಲ ಸಾಲಾಗಿ ಬಂದವು. ಹೊಸ ಕಂಪ್ಯೂಟರಿಗೆ ಸೀರಿಯಲ್ ಪೋರ್ಟ್ ಇರಲಿಲ್ಲ, ಕನ್ವರ್ಟರ್ ಕೇಬಲ್ ಮಾರನೇ ದಿನ ಪೇಟೆಯಿಂದ ತರಿಸಿದರು. ಹತ್ತೊಂಬತ್ತು ದಿನದ ಕೈಬರಹವನ್ನು ಏರಿಸಲು ಆಡಳಿತ ಮಂಡಳಿಯ ಇಬ್ಬರು ಹೆಂಗಸರು ಎರಡು ದಿನ ಪಕ್ಕದಲ್ಲೇ ಕೂತರು. ಒಬ್ಬರು ಪುಸ್ತಕ ಓದುವುದು, ಇನ್ನೊಬ್ಬರು ಪರದೆ ನೋಡುವುದು. ಅನುಮಾನಪಟ್ಟವರ ಮನೆಯವರೇ ಅದರಲ್ಲಿ ಒಬ್ಬರು. ಪುಸ್ತಕದ ಲೆಕ್ಕ ರೇಟ್ ಚಾರ್ಟಿಗೆ ತಾಳೆಯಾಯಿತು. ಎರಡು ಕಡೆ ಕೂಡುವಾಗ ತಪ್ಪಿತ್ತು, ಎರಡೂ ಸದಸ್ಯರ ಕಡೆಗೇ ಹೆಚ್ಚಾಗಿ.

ಫೋನ್ ಮಾಡಿದ್ದವರು ಮತ್ತೆ ಫೋನ್ ಮಾಡಿ ‘ಸುದ್ದಿ ಯಾವಾಗ ಬರ್ತದೆ ಸಾರ್’ ಅಂದರು. ಫೈಲ್ ರಿಜಿಸ್ಟರ್ ಆಗಿರಲಿಲ್ಲ ಅನ್ನುವುದು ಪತ್ರಿಕೆಗೆ ಸುದ್ದಿ ಅಲ್ಲ. ಡೆಸ್ಕಿನವರು ಅದನ್ನು ಹಾಕುವುದೂ ಇಲ್ಲ, ನಮಗೆ ಅದಕ್ಕೆ ಕಾಲಂ ಲೆಕ್ಕದಲ್ಲಿ ದುಡ್ಡೂ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ನಮಗೆ ಸಿಟ್ಟು ಇರುವುದು ಆ ಹುಡುಗನ ಮೇಲಲ್ಲ, ಕಿಟ್ ಮಾಡಿ ಮಾರಿದವರ ಮೇಲೆ. ಇಂಥದ್ದು ಹೇಗಾಗುತ್ತದೆ ಅಂತ ಸೈಬರ್ ದಿನಗಳಿಂದ ನಮಗೆ ಗೊತ್ತು. ಸಾಫ್ಟ್‌ವೇರ್ ಬರೆದವರ ಕಂಪ್ಯೂಟರಿನಲ್ಲಿ ವಿಶುವಲ್ ಬೇಸಿಕ್ ಇರುತ್ತದೆ, ಹಾಗಾಗಿ ಆ ಫೈಲ್‌ಗಳೆಲ್ಲ ಅಲ್ಲಿ ಮೊದಲೇ ನೋಂದಣಿ ಆಗಿರುತ್ತವೆ. ಅಲ್ಲಿ ಎಲ್ಲ ಸೊಗಸಾಗಿ ಓಡುತ್ತದೆ. ಸಿಡಿಗೆ ಮುಖ್ಯ ಫೈಲ್ ಮಾತ್ರ ತುಂಬಿ ಕೊಡುತ್ತಾರೆ. ಹಳ್ಳಿಗೆ ಬಂದ ಅವರ ಇಂಜಿನಿಯರ್ ಎರರ್ ಕಂಡ ಕೂಡಲೇ ಪೆನ್‌ಡ್ರೈವ್ ತೆಗೆದು ಕೈಯಲ್ಲೇ ನೋಂದಣಿ ಮಾಡಿ ಹೋಗುತ್ತಾರೆ. ಅವರು ಮಾಡಿದ್ದು ಸಿಡಿಯಲ್ಲಿ ಬರೆದಿಲ್ಲ, ಚೀಟಿಯಲ್ಲೂ ಬರೆದಿಲ್ಲ. ಅವರು ಕೆಲಸ ಬಿಟ್ಟ ದಿನ ಆ ವಿದ್ಯೆಯೂ ಜೊತೆಗೇ ಹೋಯಿತು.

ಸರಿಯಾಗಿ ಮಾಡುವುದಕ್ಕೆ ಖರ್ಚೂ ಇಲ್ಲ. ಇನ್‌ಸ್ಟಾಲ್ ಕಿಟ್ ಕಟ್ಟುವುದಕ್ಕೆ ಇನ್ನೋ ಸೆಟಪ್ ಅನ್ನುವ ಸಾಧನ ಬಿಟ್ಟಿಯಾಗಿ ಸಿಕ್ಕಲು ಶುರುವಾದದ್ದು 1997ರಲ್ಲಿ. ಅದರಲ್ಲಿ ಫೈಲಿನ ಸಾಲಿನ ಕೊನೆಗೆ ‘ರೆಗ್‌ಸರ್ವರ್’ ಅಂತ ಒಂದು ಪದ ಸೇರಿಸಿದರೆ ನೋಂದಣಿ ತಾನಾಗಿ ಆಗುತ್ತದೆ. ಮೈಕ್ರೋಸಾಫ್ಟಿನ ಸ್ವಂತ ಇನ್‌ಸ್ಟಾಲರ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಫೈಲನ್ನು ಎಬ್ಬಿಸಿ ಬರೆಸುವ ಬದಲು ರಿಜಿಸ್ಟ್ರಿಯ ನಮೂದುಗಳನ್ನು ಇನ್‌ಸ್ಟಾಲರೇ ಬರೆಯಲಿ, ಮಧ್ಯದಲ್ಲಿ ಕೆಟ್ಟರೆ ಅಳಿಸುವುದಕ್ಕೂ ಅದಕ್ಕೇ ಗೊತ್ತಿರುತ್ತದೆ ಅನ್ನುತ್ತಾರೆ. 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗಂತೂ ನೋಂದಣಿಯೇ ಬೇಡದ ದಾರಿ ಇದೆ. ಸಾಫ್ಟ್‌ವೇರ್ ಪಕ್ಕದಲ್ಲೇ ಕಾಂಪೊನೆಂಟ್ ಫೈಲನ್ನೂ, ಯಾರು ಯಾರು ನಮ್ಮವರು ಅಂತ ಬರೆದ ಒಂದು ಸಣ್ಣ ಪಟ್ಟಿಯನ್ನೂ ಇಟ್ಟರೆ ಮುಗಿಯಿತು. ಫೋಲ್ಡರ್ ಎತ್ತಿಕೊಂಡು ಹೋಗಿ ಇನ್ನೊಂದು ಕಂಪ್ಯೂಟರಿಗೆ ಇಟ್ಟರೂ ಓಡುತ್ತದೆ. ಇಷ್ಟು ವರ್ಷದಿಂದ ದಾರಿ ಇದ್ದೂ ಅದನ್ನು ಮಾಡದವರು ಹಳ್ಳಿಯ ಗಿರಾಕಿ ಕೇಳುವುದಿಲ್ಲ ಅಂತ ನಂಬಿದ್ದಾರೆ.

ಕೇಳಿ. ಹೊಸ ಸಾಫ್ಟ್‌ವೇರ್ ತಗೊಳ್ಳುವಾಗ ಮಾರುವವರನ್ನು ಎದುರಿಗೆ ಕೂರಿಸಿಕೊಂಡು, ಏನೂ ಹಾಕಿರದ ಬೇರೊಂದು ಕಂಪ್ಯೂಟರಿನಲ್ಲಿ ಅವರ ಕಿಟ್ ಹಾಕಿ ತೋರಿಸಿ ಅನ್ನಿ. ಪೆನ್‌ಡ್ರೈವ್ ತೆಗೆಯದೆ ಅದೊಂದರಲ್ಲೇ ಸಾಫ್ಟ್‌ವೇರ್ ಎದ್ದರೆ ಮಾತ್ರ ಚೆಕ್ ಬರೆಯಿರಿ.

ಇನ್ನು ಭಯದ ವಿಷಯ. ಡಬ್ಬಿಯಲ್ಲಿರುವ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ ‘ಈ ಡಿಎಲ್‌ಎಲ್ ಇಲ್ಲಿ ಉಚಿತ’ ಅಂತ ಹತ್ತಾರು ಸೈಟ್ ಬರುತ್ತವೆ. ತಗೊಳ್ಳಬೇಡಿ. ಮೇಲೆ ಹೇಳಿದ್ದನ್ನು ನೆನಪಿಸಿಕೊಳ್ಳಿ, ನೋಂದಣಿ ಅಂದರೆ ಆ ಫೈಲಿನೊಳಗೆ ಬರೆದದ್ದನ್ನು ಎಬ್ಬಿಸಿ ಓಡಿಸುವುದು, ಅದೂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ. ಗುರುತಿಲ್ಲದವರ ಫೈಲನ್ನು ರಿಜಿಸ್ಟರ್ ಮಾಡುವುದು ಖಾಲಿ ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ. ರೆಗ್‌ಎಸ್‌ವಿಆರ್ ಬಳಸಿ ಇಂಟರ್ನೆಟ್‌ನಿಂದ ನೇರವಾಗಿ ಕೆಟ್ಟ ಪ್ರೋಗ್ರಾಮ್ ಎಳೆದು ಓಡಿಸಬಹುದು ಅಂತ 2016ರಲ್ಲೇ ಭದ್ರತಾ ಕ್ಷೇತ್ರದವರು ತೋರಿಸಿದ್ದಾರೆ, ಕಳ್ಳರು ಅದನ್ನು ಬಳಸಿಯೂ ಇದ್ದಾರೆ. ಫೋನಿನಲ್ಲಿ ಯಾರೋ ‘ಮೇಡಂ, ನಾನು ಹೇಳಿದ ಸಾಲು ಟೈಪ್ ಮಾಡಿ’ ಅಂದರೆ ಫೋನ್ ಇಟ್ಟುಬಿಡಿ.

ಈ ಎಂಎಸ್‌ಕಾಮ್‌ಸಿಟಿಎಲ್ ಫೈಲಿನಲ್ಲೇ ದೋಷ ಇದ್ದು 2012ರಲ್ಲಿ ಮೈಕ್ರೋಸಾಫ್ಟ್ ಏಪ್ರಿಲ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಸರಿಪಡಿಸಿದ ಪ್ರತಿ ಬಿಟ್ಟಿತು. ಅದಕ್ಕಿಂತ ಹಳೆಯದಿದ್ದರೆ ಮೈಕ್ರೋಸಾಫ್ಟಿನಿಂದಲೇ ಹೊಸದು ತಗೊಳ್ಳುವುದು ಕ್ಷೇಮ. ಡೈರಿಯಲ್ಲಿ ನಾವು ಹಳೇ ಡಿಸ್ಕಿನದನ್ನು ಹಾಕುವ ಮುಂಚೆ ಫೈಲಿನ ಪ್ರಾಪರ್ಟೀಸ್ ತೆಗೆದು ತಾರೀಖೂ ಮೈಕ್ರೋಸಾಫ್ಟಿನ ಸಹಿಯೂ ನೋಡಿದ್ದೆವು.

ಅಳಿಸುವಾಗಲೂ ಒಂದು ಎಚ್ಚರ ಬೇಕು. ಒಂದೇ ಓಸಿಎಕ್ಸ್ ನಾಲ್ಕು ಸಾಫ್ಟ್‌ವೇರ್‌ಗಳಿಗೆ ಬೇಕಾಗಿರಬಹುದು, ಜಂಟಿ ಖಾತೆಯ ಹಾಗೆ. ಎಷ್ಟು ಜನ ಬಳಸುತ್ತಿದ್ದಾರೆ ಅಂತ ರಿಜಿಸ್ಟ್ರಿ ಒಂದು ಎಣಿಕೆ ಇಡುತ್ತದೆ, ಆದರೆ ಕೈಯಲ್ಲಿ ಕಾಪಿ ಮಾಡಿದವರು ಆ ಎಣಿಕೆಗೆ ಸೇರಿರುವುದಿಲ್ಲ. ಬೇಡದ ಸಾಫ್ಟ್‌ವೇರ್ ತೆಗೆಯುವಾಗ ‘ಈ ಹಂಚಿಕೆಯ ಫೈಲನ್ನೂ ಅಳಿಸಲೇ’ ಅಂತ ಕೇಳಿದರೆ ‘ನೋ’ ಅನ್ನಿ. ಒಂದು ಫೈಲ್ ಹೆಚ್ಚಾಗಿ ಬಿದ್ದಿದ್ದರೆ ಯಾರಿಗೂ ನಷ್ಟ ಇಲ್ಲ. ಇನ್ನು ಕೆಲವರು ಫೋಲ್ಡರನ್ನೇ ಡಿಲೀಟ್ ಮಾಡುತ್ತಾರೆ. ಆಗ ಫೈಲ್ ಸತ್ತರೂ ದಾಖಲೆಯಲ್ಲಿ ಅದರ ಹೆಸರು ಹಾಗೇ ಉಳಿಯುತ್ತದೆ, ಪೌತಿ ಖಾತೆ ಮಾಡಿಸದ ಜಮೀನಿನಲ್ಲಿ ತಾತನ ಹೆಸರು ಉಳಿದಂತೆ. ರೆಗ್‌ಎಸ್‌ವಿಆರ್ ಸಾಲಿನಲ್ಲಿ ಓರೆಗೆರೆ ಹಾಕಿ ಯು ಅಂತ ಸೇರಿಸಿದರೆ ನೋಂದಣಿ ರದ್ದಾಗುತ್ತದೆ. ಅದನ್ನು ಮಾಡಿ ಆಮೇಲೆ ಅಳಿಸಬೇಕು.

ಆ ಡೈರಿಯಲ್ಲ, ಇನ್ನೊಂದು ಊರಿನ ಮಂಡಿಯವರು ಮೊನ್ನೆ ಫೋನ್ ಮಾಡಿದ್ದರು. ಅವರ ಕಂಪ್ಯೂಟರೂ ಸತ್ತಿದೆ, ಅದೇ ಡಬ್ಬಿ. ‘ಹಳೇ ಕಂಪ್ಯೂಟರ್ ಎಲ್ಲಿದೆ?’ ಅಂದರೆ, ‘ಹೋದ ವಾರ ಗುಜರಿಯವನು ಬಂದಿದ್ದ, ಇನ್ನೂರು ರೂಪಾಯಿಗೆ ಕೊಟ್ವಿ’ ಅಂದರು. ಫೈಲ್‌ಗಳನ್ನು ಬೇರೆ ಕಡೆಯಿಂದ ಹೇಗೋ ಹೊಂದಿಸಬಹುದು. ಏಳು ವರ್ಷದ ಅಡಿಕೆ ಲೆಕ್ಕ ಆ ಡಬ್ಬದಲ್ಲೇ ಹೋಯಿತು. ಗುಜರಿಗೆ ಹಾಕುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿ ಒಳಗಿಟ್ಟುಕೊಳ್ಳಿ. ನಾಲ್ಕು ಸ್ಕ್ರೂ, ಎರಡು ತಂತಿ, ಅಷ್ಟೇ.